ಕಾಣದ ಬೆಳಕಿನ ಲೆಕ್ಕ

ಹೆಸರಿಡುವಾಗ ಒಮ್ಮೆ ತಪ್ಪಿದರೆ ಆ ತಪ್ಪು ಎಷ್ಟು ಕಾಲ ಬೆನ್ನು ಹತ್ತುತ್ತದೆ ಎಂಬುದಕ್ಕೆ ‘ಗ್ರಹ ನೀಹಾರಿಕೆ’ ಎಂಬ ಶಬ್ದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಇವಕ್ಕೂ ಗ್ರಹಗಳಿಗೂ ಯಾವ ಸಂಬಂಧವೂ ಇಲ್ಲ. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್‌ನಿಗೆ ಮುಂದಿನ ವರ್ಷಗಳಲ್ಲಿ ತನ್ನ ದೂರದರ್ಶಕದಲ್ಲಿ ಕೆಲವು ಮಸುಕಾದ ದುಂಡು ಬಿಲ್ಲೆಗಳು ಕಂಡವು. ನೋಡಲು ಯುರೇನಸ್ಸಿನಂತೆಯೇ ಇದ್ದವು. ಗ್ರಹದಂಥವು ಎಂದು ಬರೆದಿಟ್ಟ. ಅಷ್ಟೆ. ಇನ್ನೂರ ನಲವತ್ತು ವರ್ಷಗಳಾದರೂ ಆ ಹೆಸರನ್ನು ಅಳಿಸಲು ಯಾರಿಂದಲೂ ಆಗಿಲ್ಲ. ಸೇವಾ ಪುಸ್ತಕದ ಮೊದಲ ಪುಟದಲ್ಲಿ ಅಡ್ಡಹೆಸರಿನ ಒಂದು ಅಕ್ಷರ ತಪ್ಪಿ, ಆ ತಪ್ಪು ಹೆಸರಿನಲ್ಲಿಯೇ ಮೂವತ್ತು ವರ್ಷ ಸಂಬಳ ಪಡೆದು, ಅದೇ ಹೆಸರಿನಲ್ಲಿ ನಿವೃತ್ತಿಯ ಹಾರ ಹಾಕಿಸಿಕೊಂಡವರನ್ನು ಕಂಡಿರುವ ನನಗೆ ಇದರಲ್ಲಿ ಅಂಥ ಆಶ್ಚರ್ಯವೇನೂ ಇಲ್ಲ.

ಆದರೆ ಹರ್ಷೆಲ್ ಬರೆದುದಕ್ಕೆ ಅಂಟಿಕೊಂಡು ಕೂತವನಲ್ಲ. 1790ರ ನವೆಂಬರಿನಲ್ಲಿ ವೃಷಭ ರಾಶಿಯ ದಿಕ್ಕಿನಲ್ಲಿ ಇಂಥದೇ ಒಂದನ್ನು ನೋಡುತ್ತಿದ್ದಾಗ ಬಿಲ್ಲೆಯ ನಟ್ಟನಡುವೆ ಒಂದು ಚುಕ್ಕೆ ಸ್ಪಷ್ಟವಾಗಿ ಕಂಡಿತು. ಅಲ್ಲಿಯವರೆಗೆ ಅವನ ಎಣಿಕೆ ಎಂದರೆ ನೀಹಾರಿಕೆಗಳೆಲ್ಲ ಬಿಡಿಬಿಡಿಯಾಗಿ ಕಾಣದಷ್ಟು ದೂರದ ನಕ್ಷತ್ರಗಳ ಗುಂಪುಗಳು ಎಂದು. ಇಲ್ಲಿ ನೋಡಿದರೆ ಒಂದೇ ನಕ್ಷತ್ರ, ಸುತ್ತಲೂ ಹೊಳೆಯುವ ಮಂಜು. ಆ ಮಂಜಿಗೂ ನಡುವಿನ ಚುಕ್ಕೆಗೂ ಸಂಬಂಧ ಇರಲೇಬೇಕು ಎಂದು ಅವನು ತನ್ನ ಮತವನ್ನು ಬದಲಿಸಿದ. 1864ರಲ್ಲಿ ವಿಲಿಯಂ ಹಗ್ಗಿನ್ಸ್ ಇಂಥ ಇನ್ನೊಂದು ನೀಹಾರಿಕೆಯ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ ನೋಡಿದಾಗ ಕಾಮನಬಿಲ್ಲಿನ ಪಟ್ಟಿಯ ಬದಲು ಬಿಡಿ ಗೆರೆಗಳು ಕಂಡು, ಅದು ಅನಿಲವೇ ಎಂಬುದು ಖಚಿತವಾಯಿತು.

ಇಂದು ನಮಗೆ ಗೊತ್ತಿರುವ ಕತೆ ಇಷ್ಟು. ಸೂರ್ಯನಂಥ ನಕ್ಷತ್ರವೊಂದು ಮುಪ್ಪಿನಲ್ಲಿ ಉಬ್ಬಿ ಕೆಂಪು ದೈತ್ಯವಾಗುತ್ತದೆ. ತನ್ನ ಹೊರಮೈಯನ್ನು ನಿಧಾನವಾಗಿ ಸುತ್ತಲಿನ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಒಳಗಿನ ತಿರುಳು ಬಯಲಾಗುತ್ತದೆ, ಬಯಲಾದಂತೆ ಕುಗ್ಗುತ್ತದೆ, ಕುಗ್ಗಿದಂತೆ ಕಾಯುತ್ತದೆ. ಆ ಕಾವಿಗೆ ಹಿಂದೆ ಬಿಟ್ಟ ಅನಿಲ ಹೊಳೆಯತೊಡಗುತ್ತದೆ. ಆ ಹೊಳಪು ಹತ್ತಿಪ್ಪತ್ತು ಸಾವಿರ ವರ್ಷ ಇರುತ್ತದೆ. ಆಮೇಲೆ ಅನಿಲ ಚದರಿಹೋಗಿ, ತಿರುಳು ಶ್ವೇತಕುಬ್ಜವಾಗಿ ಆರುತ್ತ ಕೂಡುತ್ತದೆ. ನಮ್ಮ ಸೂರ್ಯನ ಸರದಿ ಬರಲು ಇನ್ನೂ ಐನೂರು ಕೋಟಿ ವರ್ಷ ಬೇಕು. ಆದ್ದರಿಂದ ಯಾರೂ ಗಾಬರಿಯಾಗಬೇಕಾದ್ದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ನೀಹಾರಿಕೆಯ ಚಂದವಲ್ಲ, ನಡುವಿನ ಆ ಚುಕ್ಕೆ. ವೀಣಾ ಮಂಡಲದಲ್ಲಿ, ಅಭಿಜಿತ್ ನಕ್ಷತ್ರದ ಬಳಿ, ಉಂಗುರ ನೀಹಾರಿಕೆ ಎಂಬುದೊಂದಿದೆ. ಅದರ ನಡುವಿನ ನಕ್ಷತ್ರದ ಮೇಲ್ಮೈಯ ಉಷ್ಣತೆ ಸುಮಾರು 1,25,000 ಡಿಗ್ರಿ. ನಮ್ಮ ಸೂರ್ಯನದು 6,000ವೂ ಇಲ್ಲ. ಅದು ಹೊರಚೆಲ್ಲುವ ಒಟ್ಟು ಶಕ್ತಿ ಸೂರ್ಯನಿಗಿಂತ ನೂರಕ್ಕೂ ಹೆಚ್ಚು ಪಟ್ಟು. ಹಾಗಾದರೆ ಅದು ಕಣ್ಣು ಕೋರೈಸಬೇಡವೇ? ಇಲ್ಲ. ಸಾಧಾರಣ ದೂರದರ್ಶಕದಲ್ಲಿ ಅದು ಕಾಣುವುದೇ ಇಲ್ಲ!

ಕಮ್ಮಾರನ ಕುಲುಮೆಯನ್ನು ನೋಡಿದವರಿಗೆ ಇದರ ಅರ್ಧ ಉತ್ತರ ಗೊತ್ತಿರುತ್ತದೆ. ಕಬ್ಬಿಣ ಮೊದಲು ಕೆಂಪಗೆ ಕಾಯುತ್ತದೆ, ಆಮೇಲೆ ಹಳದಿ, ಆಮೇಲೆ ಬೆಳ್ಳಗೆ. ಕಾವು ಏರಿದಂತೆ ಬೆಳಕಿನ ಅಲೆ ಚಿಕ್ಕದಾಗುತ್ತ ಹೋಗುತ್ತದೆ. ಕುಲುಮೆ ಅಲ್ಲಿಗೇ ನಿಲ್ಲುತ್ತದೆ, ನಕ್ಷತ್ರ ನಿಲ್ಲುವುದಿಲ್ಲ. ನಮ್ಮ ಕಣ್ಣಿಗೆ ನಿಲುಕುವುದು 4,000ದಿಂದ 7,000 ಆಂಗ್‌ಸ್ಟ್ರಾಮ್‌ವರೆಗಿನ ಅಲೆಗಳು. ಸೂರ್ಯನ ಬೆಳಕಿನ ಶಿಖರ 5,000ದ ಆಸುಪಾಸಿನಲ್ಲಿದೆ, ಅಂದರೆ ಸರಿಯಾಗಿ ನಮ್ಮ ಕಣ್ಣಿನ ಅಳತೆಗೆ. ಉಂಗುರದ ನಡುವಿನ ನಕ್ಷತ್ರದ ಶಿಖರವಾದರೋ 230ರ ಹತ್ತಿರ, ನೇರಳೆಯನ್ನು ದಾಟಿ ಬಹುದೂರದ ಅತಿನೇರಳೆಯಲ್ಲಿ. ನಮಗೆ ಕಾಣುವುದು ಆ ನಕ್ಷತ್ರದ ಬೊಕ್ಕಸದಿಂದ ಉದುರಿದ ಚಿಲ್ಲರೆ ಮಾತ್ರ. ಗಂಟೆಲ್ಲ ಕಾಣದ ಬೆಳಕಿನಲ್ಲಿದೆ. ಆ ಕಾಣದ ಬೆಳಕೂ ನೆಲಕ್ಕೆ ಮುಟ್ಟುವುದಿಲ್ಲ. 3,000 ಆಂಗ್‌ಸ್ಟ್ರಾಮಿಗಿಂತ ಚಿಕ್ಕ ಅಲೆಗಳನ್ನು ನಮ್ಮ ವಾತಾವರಣದ ಓಜೋನು, ಆಮ್ಲಜನಕಗಳು ಮೇಲೆಯೇ ನುಂಗಿಬಿಡುತ್ತವೆ. ನುಂಗುವುದರಿಂದಲೇ ನಾವು ನೀವು ಬದುಕಿದ್ದೇವೆ ಎಂಬುದು ಬೇರೆ ಮಾತು.

ಈ ವಿಷಯ ನನ್ನ ತಲೆಯಲ್ಲಿ ಕೊರೆಯಲು ಕಾರಣ ನನ್ನ ಮಗಳು. ಒಂಬತ್ತನೆಯ ಇಯತ್ತೆಯಲ್ಲಿ ಓದುತ್ತಿದ್ದಾಳೆ. ಕಲ್ಯಾಣದಾಚೆ, ಕರ್ಜತ್ ಹಾದಿಯಲ್ಲಿರುವ ವಾಂಗಣಿಗೆ ಮುಂಬಯಿಯ ಹವ್ಯಾಸಿಗಳು ಆಕಾಶ ನೋಡಲು ಹೋಗುವ ರೂಢಿಯಿದೆ. ಹೋದ ಸಲ ಅವಳನ್ನೂ ಕರೆದುಕೊಂಡು ಹೋಗಿದ್ದೆ. ಎಂಟಿಂಚಿನ ದೂರದರ್ಶಕಕ್ಕೆ ಸಾಲು ನಿಂತು, ಸರದಿ ಬಂದಾಗ ಕಣ್ಣಿಟ್ಟು, ಬಹಳ ಹೊತ್ತು ನೋಡಿದಳು.

“ಅಪ್ಪಾ, ಹೊಗಿ ಉಂಗುರ ಕಾಣಸ್ತದ. ನಡುವ ಏನೂ ಇಲ್ಲಲ್ಲ?”

ದೂರದರ್ಶಕದ ಬಳಿಯಿದ್ದ ತರುಣರು, ನಡುವೆ ನಕ್ಷತ್ರವಿದೆ, ಆದರೆ ಇಷ್ಟು ಚಿಕ್ಕ ಕನ್ನಡಿಗೆ ಅದು ಸಿಗುವುದಿಲ್ಲ ಎಂದು ಮರಾಠಿಯಲ್ಲಿ ತಿಳಿಸಿ ಹೇಳಿದರು. ಅವಳು ನನ್ನ ಕಡೆ ತಿರುಗಿ, “ಕಾಣಸೂದಿಲ್ಲ ಅಂದಮ್ಯಾಲೆ ಅದ ಅಂತ ಹ್ಯಾಂಗ ನಂಬಬೇಕು?” ಎಂದಳು.

“ದೊಡ್ಡ ದೂರದರ್ಶಕದಾಗ ಫೋಟೋ ತಗದಾರ.”

“ಚುಕ್ಕಿ ಫೋಟೋ ತಗದಿರಬಹುದು. ಒಂದು ಲಕ್ಷ ಡಿಗ್ರಿ ಅಂತ ಯಾರು ಅಳದಾರ? ಥರ್ಮಾಮೀಟರ್ ಹಚ್ಚಿ ಬಂದಾರೇನು?”

ಪ್ರಶ್ನೆ ನ್ಯಾಯವಾದದ್ದೇ. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿದವನು, ಭೌತಶಾಸ್ತ್ರದಲ್ಲಿ ಮುಂದೆ ಓದಬೇಕೆಂಬ ಆಸೆ ಇತ್ತು, ಮನೆಯ ಪರಿಸ್ಥಿತಿ ಇರಲಿಲ್ಲ. ಪರೀಕ್ಷೆ ಕಟ್ಟಿ ಕೇಂದ್ರ ಸರಕಾರದ ನೌಕರಿ ಹಿಡಿದೆ. ಇಪ್ಪತ್ತೆರಡು ವರ್ಷಗಳಿಂದ ಕಡತಗಳ ನಡುವೆ ಇದ್ದೇನೆ. ಮದುವೆ ಮುಂಜಿಗಳಿಗೆ ಊರಿಗೆ ಹೋದಾಗ, “ಬಿ.ಎಸ್ಸಿ. ಕಲ್ತು ಕಾರಕೂನಕಿ ಮಾಡಲಿಕ್ಕೆ ಹೋದೆಲ್ಲೋ” ಎನ್ನುವ ಹಿರಿಯರು ಇನ್ನೂ ಒಬ್ಬಿಬ್ಬರು ಇದ್ದಾರೆ. ಅವರಿಗೆ ನಾನು ಉತ್ತರ ಕೊಡುವುದಿಲ್ಲ. ಮಗಳಿಗೆ ಮಾತ್ರ ಕೊಡಬೇಕಾಗಿತ್ತು. ಬೆಳಗಿನ ಮೊದಲ ಲೋಕಲಿನಲ್ಲಿ ಡೊಂಬಿವಲಿಗೆ ಮರಳುವಾಗ, ನಿದ್ದೆಗಣ್ಣಿನ ಅವಳಿಗೆ ನಾನು ಝಾನ್‌ಸ್ಟ್ರಾನ ಲೆಕ್ಕ ಹೇಳತೊಡಗಿದೆ. ಗುಮಾಸ್ತನಿಗೆ ಇಷ್ಟು ಚೆನ್ನಾಗಿ ಒಗ್ಗುವ ಲೆಕ್ಕ ಭೌತಶಾಸ್ತ್ರದಲ್ಲಿ ಇನ್ನೊಂದಿಲ್ಲ.

ಹರ್ಮನ್ ಝಾನ್‌ಸ್ಟ್ರಾ ಡಚ್ ವಿಜ್ಞಾನಿ. 1927ರಲ್ಲಿ ಅವನು ಹೀಗೆ ವಿಚಾರ ಮಾಡಿದ. ನಕ್ಷತ್ರದಿಂದ ಹೊರಟ ಅತಿನೇರಳೆ ಬೆಳಕಿನ ಕಣ, ಅದರ ಅಲೆ 912 ಆಂಗ್‌ಸ್ಟ್ರಾಮಿಗಿಂತ ಚಿಕ್ಕದಾಗಿದ್ದರೆ, ಹೈಡ್ರೋಜನ್ ಪರಮಾಣುವೊಂದನ್ನು ಒಡೆದು ಎಲೆಕ್ಟ್ರಾನನ್ನು ಹೊರದೂಡುತ್ತದೆ. ಹಾಗೆ ಅಲೆದಾಡುವ ಎಲೆಕ್ಟ್ರಾನು ಇಂದಲ್ಲ ನಾಳೆ ಯಾವುದೋ ಪರಮಾಣುವಿಗೆ ಮರಳಿ ಸೇರುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ನೀಹಾರಿಕೆ ಸಾಕಷ್ಟು ದಟ್ಟವಾಗಿದ್ದರೆ, ಯಾವ ದಾರಿಯಿಂದ ಇಳಿದರೂ ಕೊನೆಗೆ ಎರಡನೆಯ ಮೆಟ್ಟಿಲಲ್ಲಿ ಒಮ್ಮೆ ನಿಂತೇ ಹೋಗಬೇಕು. ಆ ಮೆಟ್ಟಿಲಿಗೆ ಇಳಿಯುವಾಗ ಹೊರಬರುವ ಬೆಳಕು ಬಾಮರ್ ಶ್ರೇಣಿಯದು. ಅದರ ಮುಖ್ಯ ಗೆರೆಗಳು ನಮ್ಮ ಕಣ್ಣಿಗೆ ಕಾಣುವಂಥವು, ನೆಲದ ಮೇಲಿನ ದೂರದರ್ಶಕಕ್ಕೆ ಸಿಗುವಂಥವು. ಅಂದರೆ ಕಾಣದ ಒಂದು ಕಣ ಜಮಾ ಆದರೆ ಕಾಣುವ ಒಂದು ರಸೀದಿ ಹರಿಯಲೇಬೇಕು. ತಿಜೋರಿಯ ಬಾಗಿಲು ತೆರೆಯದಿದ್ದರೇನಾಯಿತು? ರಸೀದಿಯ ಅಡಿಪ್ರತಿಗಳನ್ನು ಎಣಿಸಿದರೆ ಒಳಗೆ ಎಷ್ಟು ಬಂತೆಂಬುದು ಗೊತ್ತಾಗುತ್ತದೆ. ಆ ಮೊತ್ತವನ್ನು ನಕ್ಷತ್ರದ ಕಾಣುವ ಬೆಳಕಿನೊಂದಿಗೆ ಹೋಲಿಸಿದರೆ, ಕಾಣದ್ದು ಕಾಣುವುದಕ್ಕಿಂತ ಎಷ್ಟು ಪಟ್ಟು ಹೆಚ್ಚು ಎಂದು ತಿಳಿಯುತ್ತದೆ. ಅದರಿಂದ ಉಷ್ಣತೆ ಬರುತ್ತದೆ. ಥರ್ಮಾಮೀಟರು ಹಚ್ಚುವ ಕೆಲಸವೇ ಇಲ್ಲ.

ಎಲ್ಲ ಲೆಕ್ಕಗಳಂತೆ ಇದರಲ್ಲೂ ಸೋರಿಕೆ ಉಂಟು. ನೀಹಾರಿಕೆ ತೆಳುವಾಗಿದ್ದರೆ ಕೆಲವು ಕಣಗಳು ಯಾವ ಪರಮಾಣುವಿಗೂ ಸಿಗದೆ, ರಸೀದಿ ಹರಿಯದೆ ಹೊರಗೆ ನುಸುಳುತ್ತವೆ. ಆಗ ಬರುವ ಉಷ್ಣತೆ ನಿಜಕ್ಕಿಂತ ಕಡಿಮೆ. ಇದನ್ನು ಪರೀಕ್ಷಿಸಲು ಹೀಲಿಯಮ್ಮಿನ ಇನ್ನೊಂದು ಖಾತೆ ಇದೆ. ಹೀಲಿಯಂ ಪೂರ್ತಿ ಒಡೆಯಬೇಕಾದರೆ 228 ಆಂಗ್‌ಸ್ಟ್ರಾಮಿಗಿಂತ ಚಿಕ್ಕ ಅಲೆಯ ಕಣವೇ ಬೇಕು. ಅನೇಕ ನಕ್ಷತ್ರಗಳಲ್ಲಿ ಹೀಲಿಯಂ ಖಾತೆಯ ಉಷ್ಣತೆ ಹೈಡ್ರೋಜನ್ ಖಾತೆಯದಕ್ಕಿಂತ ಹೆಚ್ಚು ಬರುತ್ತದೆ. ಎರಡು ಖಾತೆಗಳ ಮೊತ್ತ ಹೊಂದದಿದ್ದರೆ ನಮ್ಮಲ್ಲಿ ಆಡಿಟ್ ಆಕ್ಷೇಪಣೆ ಬರುತ್ತದೆ. ಖಗೋಳ ವಿಜ್ಞಾನಿಗಳಲ್ಲೂ ಬಂತು. ದಶಕಗಳ ಕಾಲ ಇದರ ಮೇಲೆ ಚರ್ಚೆ ನಡೆಯಿತು.

ಇಷ್ಟು ಹೇಳುವಷ್ಟರಲ್ಲಿ ಅಂಬರನಾಥ ದಾಟಿತ್ತು. ಮಗಳು ನನ್ನ ಹೆಗಲಿಗೆ ಒರಗಿ ಮಲಗಿಬಿಟ್ಟಿದ್ದಳು. ಉಳಿದದ್ದನ್ನು ವಾಚಕರಿಗೆ ಹೇಳುತ್ತೇನೆ.

ರಸೀದಿ ಎಣಿಸಿ ಐವತ್ತು ವರ್ಷ ಕಳೆದ ಮೇಲೆ ಬಾಗಿಲನ್ನು ತುಸುವಾದರೂ ತೆರೆದು ನೋಡುವ ಕಾಲ ಬಂತು. 1978ರ ಜನವರಿ 26ರಂದು, ಇಲ್ಲಿ ನಮ್ಮ ಗಣರಾಜ್ಯ ದಿನ, ಅಮೆರಿಕ, ಯುರೋಪು ಮತ್ತು ಬ್ರಿಟನ್ ಕೂಡಿ ಒಂದು ಉಪಗ್ರಹವನ್ನು ಹಾರಿಸಿದವು. ಹೆಸರು ಇಂಟರ್‌ನ್ಯಾಷನಲ್ ಅಲ್ಟ್ರಾವಯೊಲೆಟ್ ಎಕ್ಸ್‌ಪ್ಲೋರರ್, ಚಿಕ್ಕದಾಗಿ ಐ.ಯು.ಇ. ಅದರ ಕನ್ನಡಿ ಬರೀ 45 ಸೆಂಟಿಮೀಟರ್, ಮನೆಯ ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು. ಮೂರು ವರ್ಷ ಬಾಳಲೆಂದು ಕಟ್ಟಿದ್ದು. ದಿನಕ್ಕೆ 16 ತಾಸು ಅಮೆರಿಕದ ಗಾಡರ್ಡ್ ಕೇಂದ್ರದಿಂದ, 8 ತಾಸು ಸ್ಪೇನಿನ ಮ್ಯಾಡ್ರಿಡ್ ಬಳಿಯ ವಿಲಾಫ್ರಾಂಕದಿಂದ ಅದನ್ನು ನಡೆಸುತ್ತಿದ್ದರು, ನಮ್ಮ ಕಾರಖಾನೆಗಳ ಪಾಳಿಯಂತೆ. ವಿಜ್ಞಾನಿ ಅಲ್ಲಿಗೆ ಹೋಗಿ ಕೂತು, ಈ ನಕ್ಷತ್ರಕ್ಕೆ ತಿರುಗಿಸಿ ಎಂದರೆ ತಿರುಗಿಸುತ್ತಿದ್ದರು. ಅದು ನೋಡುತ್ತಿದ್ದುದು 1,150ರಿಂದ 3,200 ಆಂಗ್‌ಸ್ಟ್ರಾಮ್‌ವರೆಗಿನ ಬೆಳಕನ್ನು. ದಿಕ್ಕು ಹಿಡಿದಿಡುವ ಆರು ಗೈರೋಗಳಲ್ಲಿ ಒಂದೊಂದೇ ಕೆಟ್ಟರೂ, ಇದ್ದುದರಲ್ಲೇ ಸಾಗಿಸುವ ಉಪಾಯ ಹುಡುಕಿ ಹದಿನೆಂಟು ವರ್ಷಕ್ಕೂ ಮಿಕ್ಕಿ ದುಡಿಸಿದರು. 1996ರ ಸೆಪ್ಟೆಂಬರ್ 30ರಂದು ಅದನ್ನು ನಿಲ್ಲಿಸಿದಾಗ ಒಂದು ಲಕ್ಷಕ್ಕೂ ಹೆಚ್ಚು ರೋಹಿತಗಳು ದಾಖಲೆಯಲ್ಲಿದ್ದವು.

ನೀಹಾರಿಕೆಗಳ ನಡುವಿನ ನಕ್ಷತ್ರಗಳ ಮಟ್ಟಿಗೆ ಅದು ತಂದುಕೊಟ್ಟ ಮೊದಲ ಸುದ್ದಿ ಗಾಳಿಯದು. ಇಂಗಾಲ, ಸಾರಜನಕಗಳ ಗೆರೆಗಳ ಬದಿಯಲ್ಲಿ, ನೀಲಿಯ ಕಡೆಗೆ ಸರಿದಂತೆ, ಕಪ್ಪು ಕಚ್ಚುಗಳು ಕಂಡವು. ನಮ್ಮ ಕಡೆಗೆ ಧಾವಿಸಿ ಬರುವ ಅನಿಲ ಮಾತ್ರ ಹಾಗೆ ಕಚ್ಚು ಮೂಡಿಸಬಲ್ಲದು. ಎಷ್ಟು ಸರಿದಿದೆ ಎಂಬುದರಿಂದ ವೇಗ ತಿಳಿಯುತ್ತದೆ. ಸೆಕೆಂಡಿಗೆ ಸಾವಿರದಿಂದ ಮೂರು ಸಾವಿರ ಕಿಲೋಮೀಟರು, ಕೆಲವೆಡೆ ಇನ್ನೂ ಹೆಚ್ಚು! ಕೆಂಪು ದೈತ್ಯವಾಗಿದ್ದಾಗ ಬಿಟ್ಟ ಅನಿಲದ ವೇಗ ಸೆಕೆಂಡಿಗೆ ಹತ್ತಿಪ್ಪತ್ತು ಕಿಲೋಮೀಟರು ಮಾತ್ರ. ಹಿಂದಿನಿಂದ ಬಂದ ಈ ಬಿರುಗಾಳಿ ಮುಂದಿನ ನಿಧಾನದ ಅನಿಲವನ್ನು ಗುಡಿಸಿ ಒತ್ತರಿಸಿ ಚಿಪ್ಪು ಕಟ್ಟುತ್ತದೆ ಎಂಬ ವಾದವನ್ನು ಸನ್ ಕ್ವಾಕ್ ಮತ್ತು ಸಂಗಡಿಗರು ಮಂಡಿಸಿದ್ದೂ ಅದೇ 1978ರಲ್ಲಿ. ವಾದವೂ ಸಾಕ್ಷಿಯೂ ಒಂದೇ ಕಾಲಕ್ಕೆ ಒದಗಿದವು. ಇಂಥ ಯೋಗ ನಮ್ಮ ಕೋರ್ಟು ಕಚೇರಿಗಳಲ್ಲಿ ಅಪರೂಪ.

ಆದರೂ ಒಂದು ಮಾತನ್ನು ಮರೆಯಬಾರದು. ಈ ಉಪಗ್ರಹವೂ ನೋಡಿದ್ದು ಬೆಟ್ಟದ ತಪ್ಪಲನ್ನೇ ಹೊರತು ಶಿಖರವನ್ನಲ್ಲ. 912ಕ್ಕಿಂತ ಚಿಕ್ಕ ಅಲೆಗಳನ್ನು ಆ ನೀಹಾರಿಕೆಯ ಮತ್ತು ನಕ್ಷತ್ರಗಳ ನಡುವಿನ ಬಯಲಿನ ಹೈಡ್ರೋಜನ್ ತಡೆದುಬಿಡುತ್ತದೆ. ವಾತಾವರಣವನ್ನು ದಾಟಿ ಮೇಲೆ ಹೋದರೂ ಆ ಬೆಳಕು ನಮ್ಮವರೆಗೆ ಬರುವುದೇ ಅಪರೂಪ. 1999ರಿಂದ 2007ರವರೆಗೆ ನಡೆದ ಫ್ಯೂಸ್ ಎಂಬ ಉಪಗ್ರಹ ಸರಿಯಾಗಿ ಆ ಗಡಿಯವರೆಗೆ, 905 ಆಂಗ್‌ಸ್ಟ್ರಾಮಿನವರೆಗೆ ಹೋಗಿ ನಿಂತಿತು. ಆದ್ದರಿಂದ ನಕ್ಷತ್ರದ ನಿಜವಾದ ಗಂಟಿಗೆ ಇಂದಿಗೂ ಝಾನ್‌ಸ್ಟ್ರಾನ ರಸೀದಿಗಳೇ ದಿಕ್ಕು. ನನಗೆ ಇದು ಬಹಳ ಮೆಚ್ಚಿಗೆಯಾದ ಸಂಗತಿ.

ಇನ್ನು, ಈ ಲೇಖನವನ್ನು ಬರೆಯಬೇಕೆಂದು ನನಗೆ ನಿಜವಾಗಿ ಅನಿಸಿದ ಸಂಗತಿಗೆ ಬರುತ್ತೇನೆ. ನಕ್ಷತ್ರಗಳ ಮುಪ್ಪು ಲಕ್ಷಾಂತರ ವರ್ಷಗಳ ಮಾತು, ಮನುಷ್ಯನ ಆಯುಷ್ಯದಲ್ಲಿ ಅದು ಕಾಣುವುದಿಲ್ಲ ಎಂದು ನಮಗೆ ಕಲಿಸಿದ್ದರು. ದಕ್ಷಿಣ ಆಕಾಶದ ಯಜ್ಞವೇದಿ ಮಂಡಲದಲ್ಲಿ ಒಂದು ನಕ್ಷತ್ರವಿದೆ. ಅಮೆರಿಕದ ಕಾರ್ಲ್ ಹೆನೈಜ್ ಎಂಬವರು 1949ರಿಂದ 51ರವರೆಗೆ ದಕ್ಷಿಣ ಆಫ್ರಿಕದಲ್ಲಿ ಕುಳಿತು ತೆಗೆದ ಫಲಕಗಳಿಂದ ಮಾಡಿದ ಪಟ್ಟಿಯಲ್ಲಿ ಅದರ ಕ್ರಮಾಂಕ 1357. (ಈ ಹೆನೈಜರೇ ಮುಂದೆ 1985ರಲ್ಲಿ ಚಾಲೆಂಜರ್ ನೌಕೆಯಲ್ಲಿ ಬಾಹ್ಯಾಕಾಶಕ್ಕೂ ಹೋಗಿಬಂದರು.) ಆಗ ಅದರ ಸುತ್ತ ನೀಹಾರಿಕೆಯ ಗುರುತಿರಲಿಲ್ಲ. 1971ರಲ್ಲಿ ಯಾರೋ ಅದರ ರೋಹಿತ ತೆಗೆದರು. ಸುಮಾರು 21,000 ಡಿಗ್ರಿಯ ನೀಲಿ ನಕ್ಷತ್ರ, ವಿಶೇಷವೇನೂ ಇಲ್ಲ. ಬರೆದಿಟ್ಟರು. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎಂ. ಪಾರ್ಥಸಾರಥಿಯವರೂ ಅವರ ಸಂಗಡಿಗರೂ ಅದನ್ನು ಮತ್ತೆ ನೋಡಿದಾಗ, 1990ರ ಹೊತ್ತಿಗೆ ಅದು ಒಂದು ಪೂರ್ಣ ಗ್ರಹ ನೀಹಾರಿಕೆಯಾಗಿ ನಿಂತಿತ್ತು. ನಲವತ್ತು ವರ್ಷಗಳೊಳಗೆ! 1993ರಲ್ಲಿ ಅವರು ಅದನ್ನು ಪ್ರಕಟಿಸಿದರು.

ಅಲ್ಲಿಗೇ ಮುಗಿಯಲಿಲ್ಲ. ಐ.ಯು.ಇ. 1988ರಲ್ಲಿ ಆ ನಕ್ಷತ್ರವನ್ನು ನೋಡಿದಾಗ ಬಿರುಗಾಳಿಯ ಕಚ್ಚುಗಳು ಸ್ಪಷ್ಟವಾಗಿದ್ದವು. ವೇಗ ಸೆಕೆಂಡಿಗೆ ಸುಮಾರು 3,500 ಕಿಲೋಮೀಟರು. ಒಂದು ಸೆಕೆಂಡಿನಲ್ಲಿ ಮುಂಬಯಿಯಿಂದ ದಿಲ್ಲಿಗೆ ಹೋಗಿ ಮರಳಿ ಬಂದು, ಇನ್ನೂ ಧಾರವಾಡದ ದಾರಿ ಹಿಡಿಯಬಹುದು. 1994ರ ಹೊತ್ತಿಗೆ ಆ ಕಚ್ಚುಗಳು ಇಲ್ಲ. ಗಾಳಿ ನಿಂತಿತ್ತು. ನಕ್ಷತ್ರದ ಅತಿನೇರಳೆ ಬೆಳಕು ಮೂರರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿದಿತ್ತು. ಆಮೇಲೆ ನಿಕೋಲ್ ರೈಂಡ್ಲ್ ಮತ್ತು ಸಂಗಡಿಗರು ಹಳೆಯ ಹೊಸ ರೋಹಿತಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು: 2002ರಲ್ಲಿ ಉಷ್ಣತೆ 60,000 ಡಿಗ್ರಿಗೆ ಏರಿ, 2015ರ ಹೊತ್ತಿಗೆ ಮತ್ತೆ 50,000ಕ್ಕೆ ಇಳಿದಿತ್ತು. ಒಳಗೆ ಉಳಿದಿದ್ದ ಹೀಲಿಯಂ ತಡವಾಗಿ ಹೊತ್ತಿಕೊಂಡು, ನಕ್ಷತ್ರ ಬಂದ ದಾರಿಯಲ್ಲೇ ಹಿಂತಿರುಗುತ್ತಿದೆ ಎಂಬುದು ಅವರ ಅಭಿಪ್ರಾಯ. ಹಬಲ್ ದೂರದರ್ಶಕ 1996ರಲ್ಲಿ ತೆಗೆದ ಚಿತ್ರದಲ್ಲಿ ಆ ನೀಹಾರಿಕೆ, ನಮ್ಮ ಕರಾವಳಿಯವರು ತೊರಕೆ ಎನ್ನುವ ಮೀನಿನಂತೆ ಕಾಣುತ್ತದೆಂದು ಸ್ಟಿಂಗ್‌ರೇ ಎಂದು ಹೆಸರಿಟ್ಟಿದ್ದರು. 2016ರ ಚಿತ್ರದಲ್ಲಿ ಆಮ್ಲಜನಕದ ಹೊಳಪು ನೂರಾರು ಪಟ್ಟು ಕುಂದಿ, ಮೀನಿನ ಆಕಾರವೇ ಮಾಸಿತ್ತು.

1988ರಲ್ಲಿ ನಾನು ಮೂರನೆಯ ಇಯತ್ತೆಯಲ್ಲಿದ್ದೆ. ಗಾಳಿ ನಿಂತ 1994ರಲ್ಲಿ ನನ್ನ ಮಗಳು ಈಗ ಇರುವ ತರಗತಿಯಲ್ಲಿ. 2002ರಲ್ಲಿ ನೌಕರಿಯ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಒಂದು ನಕ್ಷತ್ರದ ಸಂಜೆಯನ್ನು ನನ್ನ ಶಾಲೆಯ ದಾಖಲೆ, ಸೇವಾ ಪುಸ್ತಕಗಳ ಪಕ್ಕದಲ್ಲಿಟ್ಟು ಓದಬಹುದೆಂದು ನಾನು ಎಣಿಸಿಯೇ ಇರಲಿಲ್ಲ.

ನನಗೆ ಇಲ್ಲಿ ಎಲ್ಲಕ್ಕಿಂತ ದೊಡ್ಡವರಾಗಿ ಕಾಣುವವರು 1971ರಲ್ಲಿ ವಿಶೇಷವಿಲ್ಲದ ಒಂದು ರೋಹಿತವನ್ನು ತೆಗೆದಿಟ್ಟವರು, ಅದನ್ನು ಎಸೆಯದೆ ಉಳಿಸಿದವರು. ಇದನ್ನು ಹೇಳುವುದಕ್ಕೆ ಕಾರಣವಿದೆ. ನಾನು ನೌಕರಿಗೆ ಸೇರಿದ ಹೊಸತರಲ್ಲಿ ನಮ್ಮ ಕಚೇರಿಯಲ್ಲಿ ಹಳೆಯ ಕಾಗದಪತ್ರ ತೆಗೆದುಹಾಕುವ ಕೆಲಸ ನಡೆದಿತ್ತು. ಅವಧಿ ಮುಗಿದ ಸಂಬಳದ ಬಿಲ್ಲುಗಳು, ಅಕ್ವಿಟೆನ್ಸ್ ರೋಲುಗಳು ಗೋಣಿಚೀಲ ಸೇರಿ ರದ್ದಿಯವನ ದಾರಿ ಕಾಯುತ್ತಿದ್ದವು. ಅದೇ ಹೊತ್ತಿಗೆ ನಿವೃತ್ತರಾದ ಒಬ್ಬ ಜವಾನರಿಗೆ ಮೊದಲ ಮೂರು ವರ್ಷದ ಸೇವೆ ಪೆನ್ಶನ್ ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ ಎಂಬ ಉತ್ತರ ಹೋಗಿತ್ತು. ಆ ವರ್ಷಗಳ ಸೇವೆಗೆ ದಾಖಲೆ ಇರಲಿಲ್ಲ. ಅವರು ಬಂದು ವರಾಂಡದ ಬಾಕಿನ ಮೇಲೆ ಸುಮ್ಮನೆ ಕೂಡುತ್ತಿದ್ದರು, ಯಾರನ್ನೂ ಏನೂ ಕೇಳುತ್ತಿರಲಿಲ್ಲ. ನಮ್ಮ ವಿಭಾಗದ ಹಿರಿಯ ಗುಮಾಸ್ತರೊಬ್ಬರು, ಚೀಲ ಬಿಚ್ಚೋಣ ಎಂದರು. ಮೇಲಿನವರು ನಕ್ಕರು. ನಾವಿಬ್ಬರು ನಾಲ್ಕು ದಿನ ಸಂಜೆ ಆರರ ಮೇಲೆ ಕೂತು ಬಿಚ್ಚಿದೆವು. ಮೂರನೆಯ ಚೀಲದಲ್ಲಿ 1974ರ ರೋಲುಗಳು ಸಿಕ್ಕವು. ರೆವಿನ್ಯೂ ಸ್ಟಾಂಪಿನ ಮೇಲೆ ಹೆಬ್ಬೆರಳ ಗುರುತು, ಪಕ್ಕದಲ್ಲಿ ಅವರ ಹೆಸರು, ತಿಂಗಳು ತಿಂಗಳಿಗೂ. ಅವರ ಪೆನ್ಶನ್ ತಿಂಗಳಿಗೆ ಕೆಲವು ನೂರು ರೂಪಾಯಿ ಹೆಚ್ಚಿತು. ಆ ಹಿರಿಯ ಗುಮಾಸ್ತರು ಈಗಿಲ್ಲ. ಅವರು ಮೆಟ್ರಿಕ್ ಮುಗಿಸಿದವರು. ಝಾನ್‌ಸ್ಟ್ರಾನ ಹೆಸರು ಕೇಳಿದವರಲ್ಲ. ನಾನು ಬಿ.ಎಸ್ಸಿ. ಓದಿದ್ದು ಯಾತಕ್ಕೆ ಎಂಬ ಪ್ರಶ್ನೆ ನನ್ನನ್ನು ಹೆಚ್ಚು ಕಾಡದಂತೆ ಮಾಡಿದವರು ಅವರೇ.

ನಮ್ಮ ದೇಶದ್ದೇ ಆದ ಅತಿನೇರಳೆ ಕಣ್ಣೂ ಈಗ ಈ ನೀಹಾರಿಕೆಗಳನ್ನು ನೋಡಿದೆ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ 37.5 ಸೆಂಟಿಮೀಟರಿನ ಜೋಡಿ ದೂರದರ್ಶಕವಿದೆ. ಅದನ್ನು ಜೋಡಿಸಿದ್ದು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ, ಅದೇ ಖಭೌತ ಸಂಸ್ಥೆಯ ಪ್ರಯೋಗಶಾಲೆಯಲ್ಲಿ. ಸಂಸ್ಥೆಯ ಎನ್. ಕಾಮೇಶ್ವರ ರಾವ್ ಮತ್ತು ಸಂಗಡಿಗರು ಅದರಿಂದ ಎನ್.ಜಿ.ಸಿ. 40 ಎಂಬ ನೀಹಾರಿಕೆಯನ್ನು ನೋಡಿದಾಗ, ಈವರೆಗೆ ಕಂಡಿದ್ದ ಅಂಚಿನಾಚೆಗೂ ಅತಿನೇರಳೆಯಲ್ಲಿ ಮಾತ್ರ ಹೊಳೆಯುವ ಒಂದು ಪ್ರಭಾವಳಿ ಕಂಡಿತು. ಹೈಡ್ರೋಜನ್ ಅಣುಗಳು ನಡುವಿನ ನಕ್ಷತ್ರದ ಬೆಳಕನ್ನು ಹೀರಿ ಮರಳಿ ಹೊರಸೂಸುತ್ತಿರಬೇಕೆಂದು 2018ರಲ್ಲಿ ಅವರು ಬರೆದರು. ಹೊಸಕೋಟೆ ಎಂದರೆ ಬಿರಿಯಾನಿ ಎಂದಷ್ಟೇ ತಿಳಿದಿರುವ ನಮ್ಮ ಮುಂಬಯಿ ತರುಣರಿಗೆ ಇದನ್ನು ಹೇಳಬೇಕೆನಿಸಿತು.

ಯಜ್ಞವೇದಿಯ ಆ ನಕ್ಷತ್ರ ಮುಂಬಯಿಯಲ್ಲಿ ದಕ್ಷಿಣ ದಿಗಂತದಿಂದ ಹನ್ನೊಂದು ಹನ್ನೆರಡು ಡಿಗ್ರಿಗಿಂತ ಮೇಲೇರುವುದಿಲ್ಲ. ನಡುರಾತ್ರಿ ಅದು ನೆತ್ತಿಗೆ ಬರುವುದು ಜೂನ್ ಎರಡನೆಯ ವಾರದಲ್ಲಿ, ಸರಿಯಾಗಿ ನಮ್ಮ ಮಳೆ ಹಿಡಿಯುವ ಹೊತ್ತಿಗೆ. ಮೋಡವಿಲ್ಲದಿದ್ದರೂ ಬರಿಗಣ್ಣಿಗೆ ಸಿಗುವಂಥದಲ್ಲ. ಉಂಗುರ ನೀಹಾರಿಕೆ ಮಾತ್ರ ದೀಪಾವಳಿಗೆ ಮುಂಚಿನ ಶನಿವಾರ ಸಂಜೆ ಏಳೂವರೆಯ ಹೊತ್ತಿಗೆ ವಾಯವ್ಯದಲ್ಲಿ ಚೆನ್ನಾಗಿಯೇ ಎತ್ತರದಲ್ಲಿರುತ್ತದೆ, ಚಂದ್ರನ ಕಾಟವೂ ಇರುವುದಿಲ್ಲ. ವಾಂಗಣಿಗೆ ಬರುವ ಮನಸ್ಸಿದ್ದವರು ಸಂಘದ ಕಾರ್ಯದರ್ಶಿಗಳ ಹತ್ತಿರ ಹೆಸರು ಕೊಡಬೇಕು. ಹೊದೆಯಲು ಒಂದು ಶಾಲು, ತಿನ್ನಲು ಏನಾದರೂ, ಕೆಂಪು ಕಾಗದ ಸುತ್ತಿದ ಟಾರ್ಚು ತರಬೇಕು. ಮಗಳು ಈ ಸಲವೂ ಬರುತ್ತೇನೆ ಎಂದಿದ್ದಾಳೆ. ಹೀಲಿಯಂ ಖಾತೆಯ ವಿಷಯ ಅವಳಿಗೆ ಇನ್ನೂ ಒಪ್ಪಿಗೆಯಾಗಿಲ್ಲ.